ಹೊಸ್ತಿಲೂ ಸೇರಿ

ಸ್ಟ್ರಾಮ್ನೆಸ್ಸಿನ ಕಟ್ಟೆಯಿಂದ ದೋಣಿ ಬಿಡುವುದು
ಕಡಲು ಒಪ್ಪಿದರೆ ಮಾತ್ರ.
ಎರಡು ಭಾನುವಾರ ಒಪ್ಪಲಿಲ್ಲ.
ಮೂರನೆಯದಕ್ಕೆ ಹನ್ನೊಂದು ಜನ ಹೊರಟೆವು,
ಆರಾರು ಪೌಂಡು ತೆತ್ತು,
ನನ್ನ ನಾಲಿಗೆಗೆ ಇನ್ನೂ ಹೊರಳದ ಹೆಸರಿನ ದ್ವೀಪಕ್ಕೆ.

ಮರವೆಂಬುದೇ ಇಲ್ಲ ಅಲ್ಲಿ. ಹುಲ್ಲು, ಕುರಿ, ಗಾಳಿ;
ಗಾಳಿಗೆ ಎದೆ ಕೊಟ್ಟು ನಿಂತ ಬಿಳಿ ಗೋಪುರ.
ಸುಣ್ಣ ಬಳಿದು ತಿಂಗಳಾಗಿಲ್ಲ,
ಪಡುವಣದ ಮೈ ಆಗಲೇ ಉಪ್ಪಿಗೆ ಸುಲಿದಿದೆ.

ಬಾಗಿಲಲ್ಲಿ ಇಂಗಾ ಫ್ಲೆಟ್. ಎಪ್ಪತ್ತೆಂಟು ವರ್ಷ.
ಕೊರಳಲ್ಲಿ ಬೀಗದ ಕೈ, ಕಂಕುಳಲ್ಲಿ ಫ್ಲಾಸ್ಕು.
"ನೂರ ಮೂವತ್ತೆಂಟು ಮೆಟ್ಟಿಲು. ಮಂಡಿನೋವಿನವರು
ಇಲ್ಲೇ ಕೂರಬಹುದು, ಚಹಾ ಇದೆ" ಎಂದಳು
ನನ್ನ ಮಂಡಿಯನ್ನೇ ನೋಡುತ್ತ.
ಹತ್ತಿದೆ.

ಶಂಖದೊಳಗೆ ಇರುವೆ ಹತ್ತಿದ ಹಾಗೆ
ಸುತ್ತಿ ಸುತ್ತಿ ಕಲ್ಲು.
ಮುಂದೆ ಫಿನ್ಲೆ ಎಂಬ ಹುಡುಗ, ಒಂಬತ್ತರವನು,
ಗಟ್ಟಿಯಾಗಿ ಎಣಿಸುತ್ತ. ಮೇಲೆ ಮುಟ್ಟಿ ಕೂಗಿದ:
ನೂರ ಮೂವತ್ತೇಳು!
"ಎಂಟು" ಎಂದಳು ಇಂಗಾ.
"ಏಳು."
"ಎಂಟು."
ತಾಯಿ ಬೇಡವೆಂದರೂ ಮತ್ತೆ ಇಳಿದುಹೋದ.

ದೀಪದ ಕೋಣೆಗೆ ಪರದೆ ಎಳೆದಿತ್ತು.
"ಹಗಲು ತೆರೆದಿಟ್ಟರೆ ಬಿಸಿಲು ಹಿಮ್ಮುಖವಾಗಿ ಹೊಕ್ಕು
ಈ ಗಾಜು ಎದುರಿನ ಹುಲ್ಲಿಗೇ ಕಿಚ್ಚಿಡುತ್ತದೆ.
ಒಮ್ಮೆ ಇಟ್ಟಿತ್ತು. ಎರಡು ಕುರಿ."
ಅಷ್ಟು ಹೇಳಿ ಗೇಣಗಲ ಸರಿಸಿದಳು.
ಕೋಣೆಯ ತುಂಬ ಕಾಮನಬಿಲ್ಲಿನ ಚೂರು:
ನನ್ನ ಮೊಣಕೈ ನೇರಳೆ,
ಗ್ಲಾಸ್ಗೋದ ಮುದುಕನ ಬೊಕ್ಕತಲೆ ಹಸಿರು.

ಮೂರು ಟನ್ನು ಗಾಜು ಪಾದರಸದ ಮೇಲೆ ತೇಲುತ್ತಿತ್ತಂತೆ,
ಕಿರುಬೆರಳಿಗೆ ತಿರುಗುತ್ತಿತ್ತಂತೆ.
ಪಾದರಸ ಈಗಿಲ್ಲ. ಹೊರಗೆ ಕಟಕಟೆಗೆ ಬಿಗಿದ
ಬೋಗುಣಿಯಷ್ಟು ದೊಡ್ಡ ದೀಪವೊಂದು
ದೂರದ ಊರಿನ ಕಂಪ್ಯೂಟರು ಹೇಳಿದಾಗ ಹತ್ತುತ್ತದೆ.

ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ದಿನಚರಿ.
೧೯೫೭, ಜನವರಿ. ದೀಪ ಹಚ್ಚಿದ್ದು ೩.೪೦.
ದೊಡ್ಡದು ಮಾಡಿದ್ದು ೮.೫೫.
ಆರಿಸಿದ್ದು ಅಂತಲೇ ಬರೆದಿದೆ;
ನಮ್ಮಜ್ಜಿ ಕಲಿಸಿದ ನಾಲಿಗೆ ಹಾಗೆ ಓದಲೊಪ್ಪಲಿಲ್ಲ.
ನಡುವೆ ಹನ್ನೊಂದು ಸಾಲು ಬೇರೆ ಕೈಬರಹ,
ಹೆಣಿಗೆಯ ಹಾಗೆ ಬಿಗಿ.
ಕೆಳಗೆ ಸಹಿ ಮಾತ್ರ ಅದೇ ಗಂಡಸಿನ ಹೆಸರು.

"ಅಮ್ಮ" ಎಂದಳು ಇಂಗಾ. "ಅಪ್ಪನಿಗೆ ಜ್ವರ.
ಸಹಾಯಕ ಬಿರುಗಾಳಿಗೆ ಆಚೆ ದಡದಲ್ಲೇ ಸಿಕ್ಕಿಬಿದ್ದ.
ಅರ್ಧ ಗಂಟೆಗೊಮ್ಮೆ ಯಂತ್ರಕ್ಕೆ ಕೀಲಿ ಕೊಡುವುದು ನಾನು."
ಸಂಬಳ? ಕೇಳಿದೆ.
"ಅಪ್ಪನಿಗೆ ಬಂತು."

ದೀಪದ ಬುಡ ಕತ್ತಲೆ ಅನ್ನುತ್ತೇವೆ ನಮ್ಮಲ್ಲಿ, ಎಂದೆ,
ಏನೋ ದೊಡ್ಡದು ಹೇಳಿದವಳಂತೆ.
"ಬುಡದಲ್ಲಿ ಅಡುಗೆಮನೆ ಇತ್ತು" ಎಂದಳು.
"ಹೌದು, ಕತ್ತಲೆಯೇ.
ಮನೆಗೆ ಎಣ್ಣೆ ಅಳೆದು ಕೊಡುತ್ತಿದ್ದರು."

ಏದುಸಿರು ಬಿಡುತ್ತ ಬಂದ ಫಿನ್ಲೆ: ಏಳೇ!
ಇಂಗಾ ಅವನ ಕೈ ಹಿಡಿದು ಕೆಳಗಿಳಿದಳು, ನಾವೆಲ್ಲ ಹಿಂದೆ.
ಬಾಗಿಲಾಚೆ ನಿಂತು, ಸೌಟಿನ ಹಾಗೆ ನಡುವೆ ಸವೆದ
ಹೊಸ್ತಿಲ ಮೇಲೆ ಕಾಲಿಟ್ಟು, "ಒಂದು."
"ಅಮ್ಮ ಇಲ್ಲಿಂದ ಎಣಿಸುತ್ತಿದ್ದಳು."
ಹುಡುಗ ಬಗ್ಗಿ ನೋಡಿದ. ಯೋಚಿಸಿದ.
"ಅದು ಮೆಟ್ಟಿಲಲ್ಲ" ಎಂದ.

ದೋಣಿ ಬಿಟ್ಟಾಗ ನೆನಪಾಯಿತು,
ಆ ಗೇಣಗಲ ಪರದೆ ಮುಚ್ಚಿದ್ದನ್ನು ನಾನು ಕಾಣಲಿಲ್ಲ.
ದಡ ಮಸುಕಾಗುವವರೆಗೆ
ಹುಲ್ಲನ್ನೇ ನೋಡುತ್ತ ಕೂತೆ.
ಕುರಿಗಳು ಮೇಯುತ್ತಿದ್ದವು.