ಜ್ವಾಳದ ಹಿಟ್ಟು

ಸೊಲ್ಲಾಪುರದ ಮೇ ಬಿಸಿಲು
ರಾತ್ರಿ ಹತ್ತಾದ್ರೂ ಮಾಳಿಗಿ ಬಿಟ್ಟು ಇಳಿಯಂಗಿಲ್ಲ.
ನಾಲ್ಕು ಕೊಡ ನೀರು ಹೊಡದು
ಚಾದರ ಹಾಸಿ
ಕ್ಯಾರಮ್ ಬೋರ್ಡು ತರತಾಳ ಮಹಾನಂದಾ.

ಪೌಡರ್ ತೀರಿತ್ತು. ನಿನ್ನೆ ಜ್ವಾಳದ ಹಿಟ್ಟು ಉದುರಿಸಿದ್ವಿ.
ಇರುವಿ ಬಂದು ರಾಣಿ ಸುತ್ತ ಸಂತಿ ನೆರೆಸಿದ್ವು.
ಊದಿ ಊದಿ ಸರಿಸಿ ಹೊಡದ್ಲು,
ಒಂದೂ ಸಾಯಗೊಡಲಿಲ್ಲ;
ನನ್ನ ಮಾತ್ರ ಮೂರು ಸಲ ಸೋಲಿಸಿದ್ಲು.

ಇವತ್ತು ಐತವಾರ. ಲೂನಾ ಮ್ಯಾಲೆ ಕಂಬರ ತಲಾವ.
ನೀರು ದೂರ ಸರದು, ಕೆಸರಾಗ ಬೆಳ್ಳಕ್ಕಿ ಹೆಜ್ಜಿ.
ಒಂದು ಕುಲ್ಫಿ ಇಬ್ಬರಿಗೆ,
ಕೊನಿ ತುಣುಕು ಆಕಿ ಸೀರಿ ಮ್ಯಾಲೆ.

ಬರೂವಾಗ ಔಷಧದಂಗಡಿ ಮುಂದ ಗಾಡಿ ನಿಲ್ಲಿಸಿದೆ.
‘ಕಾಯ್ ಪಾಹಿಜೆ?’ ಅಂದ ಅಂಗಡಿಯಂವ.
ಬೋರಿಕ್ ಪೌಡರ್ ಅನ್ನೂದ್ರಾಗ
ಆಕಿ ನನ್ನ ಅಂಗಿ ಜಗ್ಗಿದ್ಲು:
‘ಬ್ಯಾಡ, ನಡೀರಿ. ಮಾಳಿಗಿ ಮ್ಯಾಲೆ
ಇರುವಿ ಹಾದಿ ಕಾಯತಾವ.’