ಪ್ರಿಯ ಪೋಷಕರೇ

ಶೂ ಕಳಚು ಪುಟ್ಟಾ, ಬೆನ್ನು ಗೋಡೆಗೆ, ಗಲ್ಲ ನೇರಕ್ಕೆ.
ಹಲ್ ಊರಿನ ಹದಿನಾಲ್ಕು ಶಾಲೆ,
ಊಟದ ಕೋಣೆಯಲ್ಲಿ ಬೆಂದ ಬಟಾಣಿಯ ವಾಸನೆ,
ತಕ್ಕಡಿಯ ಪರದೆ ಮಾತ್ರ ನನ್ನ ಕಡೆಗೆ.
ಅಂಕಿ ಮಕ್ಕಳಿಗೆ ಕಾಣಬಾರದು. ಅದು ನಿಯಮ.

ಆಮೇಲೆ ಕಾಗದ ಹೋಗುತ್ತದೆ ಮನೆಮನೆಗೆ.
ಅದರ ಅಲ್ಪವಿರಾಮಗಳೂ ನನಗೆ ಬಾಯಿಪಾಠ;
ಮಡಿಸಿ, ಲಕೋಟೆಗೆ ತುರುಕಿ, ಅಂಟು ಹಚ್ಚಿದ್ದು ಇದೇ ಕೈ.
ಮರುದಿನವೇ ಫೋನು.
ಜೇಡನ್‌ನ ಅಪ್ಪ: ನಮ್ಮ ವಂಶದ ಮೂಳೆಯೇ ದಪ್ಪ,
ನನ್ನಜ್ಜ ಟ್ರಾಲರಿನಲ್ಲಿ ಒಂಟಿ ಕೈಲಿ ಬಲೆ ಎಳೆದವನು.
ಅಗ್ನ್ಯೆಷ್ಕಾ ಅಳುತ್ತಾಳೆ: ಒಂದು ತುತ್ತೂ ತಿನ್ನಲ್ಲ ನನ್ನ ಮಗಳು, ನೀವೇ ಬಂದು ನೋಡಿ.
ಇನ್ನೊಬ್ಬಳು ಬಯ್ದು ಇಟ್ಟುಬಿಟ್ಟಳು.
ನಾನು ಸುಮ್ಮನೆ. ತರಬೇತಿಯಲ್ಲಿ ಕಲಿಸಿದ
ಮೂರು ಸೆಕೆಂಡಿನ ಮೌನ.
ಚಹಾ ಹೊತ್ತಿಗೆ ಡೋರೀನಳ ಜೊತೆ ನಗು:
ನಮ್ಮಲ್ಲೊಂದು ಗಾದೆಯಿದೆ ಕಣೇ, ಹೆತ್ತವರಿಗೆ ಹೆಗ್ಗಣ ಮುದ್ದು.

ಈ ಶನಿವಾರ ನಮ್ಮ ಬಾಗಿಲ ಸೀಳಿನಿಂದ ಬಿತ್ತು
ಅದೇ ಲಕೋಟೆ.
ಮೇದಿನಿ, ಇಯರ್ ಸಿಕ್ಸ್.
ಅವಳ ಶಾಲೆ ಡೋರೀನಳ ಪಾಲಿನದು.

ಮೂರು ಸಲ ಓದಿದೆ. ಯಾರ ಮಗಳೋ ಅನ್ನಿಸಿತು.
ನನ್ನವಳು ಒಂದು ಕಿಲೋ ಮುನ್ನೂರು ಗ್ರಾಮು,
ಗಾಜಿನ ಪೆಟ್ಟಿಗೆ, ಮೂಗಿಗೆ ನಳಿಕೆ,
ನನ್ನ ಮದುವೆಯುಂಗುರ
ಅವಳ ಮುಂಗೈ ದಾಟಿ ಭುಜದವರೆಗೂ ಜಾರುತ್ತಿತ್ತು.
ಮೂವತ್ತು ಗ್ರಾಮು ಏರಿದ ದಿನ ವಾರ್ಡಿಗೆಲ್ಲ ಸಿಹಿ ಹಂಚಿದೆ.
ಅಂದಿನಿಂದ ತುಪ್ಪಕ್ಕೆ ಅಳತೆಯಿಲ್ಲ ನಮ್ಮನೆಯಲ್ಲಿ.
ಹೊಸಪೇಟೆಯಿಂದ ಅವ್ವ, ವೀಡಿಯೋದಲ್ಲಿ:
ಸೊರಗೈತೆ ಕೂಸು, ಏನು ಉಣ್ಣಾಕ ಕೊಡ್ತೀಯವ್ವಾ ನೀನು?
ಮೈಕೈ ತುಂಬಿಕೊಂಡಾಳ ಅಂತ ಯಾರಾದರೂ ಅಂದರೆ
ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕು ಅನ್ನುವಳು.
ಇಲ್ಲಿನ ಒಲೆಗೆ ಬೆಂಕಿಯೇ ಇಲ್ಲ;
ಒಂಚೂರು ಹೊಗೆಯಾಡಿದರೆ ಅಲಾರಮ್ಮು.

ಡೋರೀನಳಿಗೆ ಫೋನು ಮಾಡಿದೆ.
ಅವಳಪ್ಪನ ಕಡೆಯವರೆಲ್ಲ ಹಾಗೇ, ಮೂಳೆ ದಪ್ಪ, ಅಂದೆ.
ಆ ಕಡೆಯಿಂದ
ಮೂರು ಸೆಕೆಂಡು.

ರಾತ್ರಿ ಜಡೆ ಬಿಚ್ಚುವಾಗ
ಕನ್ನಡಿಯೊಳಗಿಂದ ಅವಳೇ ಕೇಳಿದಳು: ಬಂತಾ ಕಾಗದ?
ಯಾವುದು, ಅಂದೆ.
ಐವತ್ತೆರಡು, ಅಂದಳು. ಆವತ್ತೇ ಗೊತ್ತು.
ಪರದೆ ಆ ಕಡೆ ತಿರುಗಿಸಿದ್ದರು, ಆದರೆ
ಅವರ ಕನ್ನಡಕದಲ್ಲಿ ಬಿದ್ದಿತ್ತು.
ಕಡ್ಡಿಕಡ್ಡಿ ಜೋಡಿಸಿದ ಅಂಕಿ ಅಲ್ವಾ ಅವು,
ಕನ್ನಡಿಯಲ್ಲೂ ಐವತ್ತೆರಡು ಐವತ್ತೆರಡೇ,
ಬೇಕಿದ್ದರೆ ಬೆಂಕಿಕಡ್ಡಿ ಕೊಡು, ಮಾಡಿ ತೋರಿಸ್ತೀನಿ.
ನಿನಗೆ ಬೇಜಾರಾಗತ್ತೆ ಅಂತ ಹೇಳಲಿಲ್ಲ.

ಬಾಚಣಿಗೆ ನಿಂತಿತು. ಅವಳ ಹೆಗಲು ನೋಡಿದೆ,
ಕುತ್ತಿಗೆ, ತೋಳು,
ಮೊದಲ ಸಲ ಭೇಟಿಯಾದವಳ ಹಾಗೆ;
ಅವಳ ಕೂದಲಲ್ಲಿ ನನ್ನ ಬೆರಳು,
ಆ ಉಂಗುರ ಈಗ ಬಿಚ್ಚಲು ಬಾರದಷ್ಟು ಬಿಗಿ.

ನಾಳೆ ತಿಂಡಿಗೇನಮ್ಮಾ, ಅಂದಳು.
ಮೂರಕ್ಕಿಂತ ಹೆಚ್ಚೇ ಆದವು
ಸೆಕೆಂಡುಗಳು.