ಮೀನಿಲ್ಲದ ದಿನದ ಕರೆ

ಮಾಜಾಳಿಯ ದಂಡೆಯಲ್ಲಿ ನಮಗೆ ಮೂರು ಬಲೆ:
ಒಬ್ಬನೇ ಬೀಸುವುದು, ಹತ್ತು ಮಂದಿಯ ಏಂಡಿ,
ಮತ್ತೆ ಚಪ್ಪರದಡಿ ಹೆಬ್ಬಾವಿನಂತೆ ಸುತ್ತಿ ಮಲಗಿದ ರಂಪಣಿ.
ಅದು ಏಳಲು ಅರವತ್ತು ಜನ ಬೇಕು.

ಸೊಂಟಮಟ್ಟದ ನೀರಿಗೆ ನೊಗಲಿ ಬಂದರೆ
ಯಾರನ್ನೂ ಕರೆಯಬೇಡ, ಎನ್ನುತ್ತಿದ್ದ ವಿಠೋಬ ತಾಂಡೇಲ.
ಹತ್ತು ಜನ ಬಂದರೆ ಇಪ್ಪತ್ತು ಕಾಲು.
ಮೀನು ಓಡುತ್ತದೆ, ಜಗಳ ಉಳಿಯುತ್ತದೆ.

ಅವನ ಸೀಟಿ ಈಗ ನನ್ನ ಕೊರಳಲ್ಲಿ.
ಊದುವುದೇನೋ ಸುಲಭ.
ಒಂದು ಊದಿಗೆ ಎಷ್ಟು ಖರ್ಚು ಎಂದು ಅವನು ಹೇಳಿರಲಿಲ್ಲ:
ಶಾಣು ರಿಕ್ಷಾ ನಿಲ್ಲಿಸಿ ಬರಬೇಕು,
ಸುಲೋಚನಾ ಯಾರದೋ ಮದುವೆಯ ರವಿಕೆ ಅರ್ಧಕ್ಕೆ ಬಿಟ್ಟು,
ಬಂದರು ಕಚೇರಿಯ ರುಕ್ಮಾಕರ
ಇನ್ನೊಂದು ಸುಳ್ಳು ಜ್ವರ ಹುಡುಕಿಕೊಂಡು.
ಮೇಲೆ ಅರವತ್ತು ಚಹಾ.
ಬರಿಬಲೆ ಎಳೆದ ದಿನ ಯಾರೂ ಬಯ್ಯಲಿಲ್ಲ.
ಮುಂದಿನ ಸಲ ನಿಧಾನ ಬಂದರು, ಅಷ್ಟೇ.

ಆ ಮುಂದಿನ ಸಲವೇ ಬಂಗಡೆ ಬಂದದ್ದು.
ಕೂರ್ಮಗಡದ ಈಚೆ ನೀರಿನ ಮೈ ಕಪ್ಪಾಗಿ ಮಿಸುಕಾಡಿತು.
ಅನುಮಾನಿಸಿದೆ, ಕಣ್ಣುಜ್ಜಿಕೊಂಡೆ, ಆಮೇಲೆ ಊದಿದೆ.
ತಡವಾಗಿಯಾದರೂ ಬಂದರು. ಸಾಕಷ್ಟು ಜನ ಬಂದರು,
ಬೇಸರ ಅದೇ.
ಬಡಗಣ ಹಗ್ಗ ಒಂದು ತಾಳದಲ್ಲಿ,
ತೆಂಕಣದ್ದು ಇನ್ನೊಂದರಲ್ಲಿ,
ಬಲೆ ಓರೆಯಾಗಿ ಹೋಗಿ ಬಂಡೆಯನ್ನು ತಬ್ಬಿತು.
ಹರಿದ ಜಾಗದಿಂದ ಅಷ್ಟೂ ಬೆಳ್ಳಿ ಹೊರಟುಹೋಗುವುದನ್ನು
ಹಗ್ಗ ಹಿಡಿದುಕೊಂಡೇ ನೋಡಿದೆವು.

ಕೈ ಕಡಿಮೆ ಇರಲಿಲ್ಲ.
ಒಂದು ಕೈಯ ಗುರುತು ಇನ್ನೊಂದಕ್ಕೆ ಇರಲಿಲ್ಲ.

ಮಾರಿಬಿಡು ರಂಪಣಿ, ಏಂಡಿ ಸಾಕು, ಎಂದಳು ಜಾನಕಿ
ಮೀನುಬುಟ್ಟಿ ತೊಳೆಯುತ್ತ.
ವರ್ಷದ ಮುನ್ನೂರು ದಿನಕ್ಕೆ ಅವಳ ಲೆಕ್ಕ ಸರಿ.
ಉಳಿದ ನಾಲ್ಕೈದು ಬೆಳಗಿನ ಲೆಕ್ಕ
ನನಗೂ ಬಾಯಿಬಿಟ್ಟು ಹೇಳಲು ಬರುವುದಿಲ್ಲ.
ಆವತ್ತು ಏಂಡಿ ಹಿಡಿದು ನಿಂತವನು
ಕಡಲು ಅಳೆಯಲು ಸೇರು ತಂದವನ ಹಾಗೆ.

ಇವತ್ತು ಮಂಗಳವಾರ. ಕಡಲು ತೊಳೆದಿಟ್ಟ ತಾಟು,
ಒಂದು ಹಕ್ಕಿಯೂ ಎರಗುತ್ತಿಲ್ಲ.
ದೋಣಿಯ ನೆರಳಲ್ಲಿ ಕೂತು ಫೋನಿನಲ್ಲಿ
ಅರವತ್ತೂ ಮಂದಿಗೆ ಬರೆಯುತ್ತೇನೆ:
ನಾಳೆ ಬೆಳಿಗ್ಗೆ ಬನ್ನಿ. ಮೀನು ಇಲ್ಲ.
ಬಲೆ ಹೊಲಿಯುವುದಿದೆ. ಬರಿ ಹಗ್ಗ ಎಳೆದು ನೋಡುವುದಿದೆ.

ಅಳಿಸುತ್ತೇನೆ.
ಮೀನಿಲ್ಲ ಎಂದು ಊರು ಕರೆದವರು
ಈ ದಂಡೆಯಲ್ಲಿ ಯಾರಾದರೂ ಇದ್ದಾರೆಯೇ?
ವಿಠೋಬನೂ ಕರೆದವನಲ್ಲ.
ಅವನ ಕಾಲಕ್ಕೆ ಎಲ್ಲರೂ ದಿನವೂ ಇಲ್ಲೇ ಇದ್ದರು,
ಬಲೆಯ ಪಕ್ಕದಲ್ಲೇ ಬೀಡಿ ಸೇದುತ್ತ.

ಮತ್ತೆ ಬರೆಯುತ್ತೇನೆ. ಕಳಿಸುತ್ತೇನೆ.

ಮೊದಲ ಉತ್ತರ ಶಾಣುವಿನದು: ಊಟ ಉಂಟಾ?
ಎದ್ದು ಒಳಗೆ ಹೋಗಿ
ಅಕ್ಕಿಡಬ್ಬಿಯ ಮುಚ್ಚಳ ತೆಗೆದೆ.